ದಲ್ಲಾಳಿಯ ಲೆಕ್ಕ

ಕೆಲವು ಶಬ್ದಗಳ ಜಾತಕವೇ ಚೆನ್ನಾಗಿರುವುದಿಲ್ಲ. ಹುಟ್ಟಿದ್ದು ಮರ್ಯಾದಸ್ಥರ ಮನೆಯಲ್ಲಾದರೂ ಬೆಳೆಯುತ್ತ ಬೆಳೆಯುತ್ತ ಕೆಟ್ಟ ಹೆಸರು ಹೊತ್ತುಕೊಂಡುಬಿಡುತ್ತವೆ. ‘ದಲ್ಲಾಳಿ’ ಅಂಥದೊಂದು ಶಬ್ದ. ದೂರದ ಅರಬ್ಬಿಯಿಂದ ಹೊರಟು ನಮ್ಮ ಸಂತೆ ಪೇಟೆಗಳಲ್ಲಿ ಬಂದಿಳಿದ ಈ ಪದದ ಮೂಲ ಧಾತುವಿಗೆ ‘ತೋರಿಸು, ದಾರಿ ಹೇಳು’ ಎಂದು ಅರ್ಥ. ಕೊಳ್ಳುವವನಿಗೆ ಮಾಲಿರುವ ಅಂಗಡಿಯ ದಾರಿಯನ್ನೂ ಮಾರುವವನಿಗೆ ಗಿರಾಕಿಯ ಮನೆಯ ದಾರಿಯನ್ನೂ ತೋರಿಸುವವನೇ ದಲ್ಲಾಳಿ. ಬೇರೆ ಸಂದರ್ಭದಲ್ಲಿ ದಾರಿ ತೋರಿಸುವವನನ್ನು ನಾವು ಗುರು ಎಂದು ಕರೆದು ಕಾಲಿಗೆ ಬೀಳುತ್ತೇವೆ. ದಕ್ಷಿಣೆಯೇನೋ ಇಬ್ಬರಿಗೂ ಉಂಟು. ಗುರುವಿನ ದಕ್ಷಿಣೆ ತಟ್ಟೆಯಲ್ಲಿ ಎಲ್ಲರೆದುರಿಗೆ ಬರುತ್ತದೆ, ದಲ್ಲಾಳಿಯದು ಗುಟ್ಟಿನಲ್ಲಿ. ದನಗಳ ಜಾತ್ರೆಯಲ್ಲಿ ಟವೆಲಿನ ಮರೆಯಲ್ಲಿ ಒಬ್ಬರ ಬೆರಳನ್ನೊಬ್ಬರು ಹಿಡಿದು ಬೆಲೆ ಕಟ್ಟುವುದನ್ನು ನೋಡಿದವರಿಗೆ ನನ್ನ ಮಾತು ಅರ್ಥವಾಗುತ್ತದೆ. ಶಬ್ದಕ್ಕೆ ಕೆಟ್ಟ ಹೆಸರು ಬಂದದ್ದು ಬಹುಶಃ ಆ ಟವೆಲಿನಿಂದಲೇ.

ಈ ಶಬ್ದವಿಚಾರದಲ್ಲಿ ನನಗೆ ಸ್ವಂತ ಆಸಕ್ತಿಯುಂಟು. ವೃತ್ತಿಯಿಂದ ನಾನು ಒಂದು ಖಾಸಗಿ ಕಾಲೇಜಿನ ಕನ್ನಡ ಉಪನ್ಯಾಸಕ, ಉಪವೃತ್ತಿಯಿಂದ ದಲ್ಲಾಳಿ. ಹಳಗನ್ನಡದ ಪದ್ಯಗಳನ್ನೂ ಛಂದಸ್ಸನ್ನೂ ವಿವರಿಸುವ ಚಿಕ್ಕ ಚಿಕ್ಕ ಪಾಠಗಳನ್ನು ಭಾನುವಾರಗಳಂದು ಫೋನಿನಲ್ಲಿ ಚಿತ್ರೀಕರಿಸಿ ಯೂಟ್ಯೂಬಿಗೆ ಏರಿಸುವುದು ನನ್ನ ಹವ್ಯಾಸ. ಮನೆಯಲ್ಲಿ ಈ ಹವ್ಯಾಸವನ್ನು ‘ರಗಳೆ’ ಎಂದು ಕರೆಯುತ್ತಾರೆ. ಛಂದಸ್ಸಿನ ಅರ್ಥದಲ್ಲಿ ಅಲ್ಲ. ನೋಡುವವರು ಲಕ್ಷಾಂತರ ಮಂದಿಯೇನೂ ಇಲ್ಲ. ಆದರೆ ಎಂ.ಎ. ಓದುವವರು, ಓದಿ ಮುಗಿಸಿ ಅಧ್ಯಾಪಕರ ಅರ್ಹತಾ ಪರೀಕ್ಷೆಗೆ ಕುಳಿತವರು, ಸರಕಾರಿ ಕೆಲಸದ ಪರೀಕ್ಷೆಗೆ ಕನ್ನಡವನ್ನು ಆರಿಸಿಕೊಂಡವರು, ಹೀಗೆ ಕೆಲವು ಸಾವಿರ ಮಂದಿ ನಿಷ್ಠೆಯಿಂದ ನೋಡುತ್ತಾರೆ. ಪಾಠದ ಕೆಳಗೆ ನಾನು ಒಂದೆರಡು ಪುಸ್ತಕಗಳ ಲಿಂಕನ್ನು ಹಾಕಿರುತ್ತೇನೆ. ಅದನ್ನು ಒತ್ತಿ ಯಾರಾದರೂ ಪುಸ್ತಕ ಕೊಂಡರೆ ಅಂಗಡಿಯವರು ತಮ್ಮ ಲಾಭದಲ್ಲಿ ಒಂದು ಚೂರನ್ನು ನನಗೆ ಕಳುಹಿಸುತ್ತಾರೆ. ಕೊಂಡವರಿಗೆ ಬೆಲೆ ಹೆಚ್ಚಾಗುವುದಿಲ್ಲ. ಇದಕ್ಕೆ ಅಫಿಲಿಯೇಟ್ ಮಾರ್ಕೆಟಿಂಗ್ ಎಂಬ ಭಾರವಾದ ಹೆಸರಿದೆ.

ವಿದ್ಯೆ ಹೊಸದೇನಲ್ಲ. ಅಮೆಜಾನ್ ಪುಸ್ತಕದಂಗಡಿ 1996ರ ಜುಲೈಯಲ್ಲಿ ಇಂಥ ಯೋಜನೆಯನ್ನು ಆರಂಭಿಸಿದಾಗಿನಿಂದ ಇದು ಜಗತ್ತಿಗೆಲ್ಲ ಹಬ್ಬಿತು. ಇಂದು ಪುಸ್ತಕವೇ ಏಕೆ, ಮಿಕ್ಸಿಯಿಂದ ವಿಮಾನದ ಟಿಕೆಟಿನವರೆಗೆ, ಟೂತ್ ಪೇಸ್ಟಿನಿಂದ ಸಾಲದವರೆಗೆ ದಲ್ಲಾಳಿಗೆ ಕಮಿಷನ್ನು ಕೊಡದ ಸರಕೇ ಅಪರೂಪ. ಆದ್ದರಿಂದ ಈ ಕಸುಬಿನ ಕಷ್ಟ ಸರಕು ಸಿಗದಿರುವುದಲ್ಲ. ಸಾವಿರ ಸರಕುಗಳಲ್ಲಿ ಯಾವುದನ್ನು ಕೈಗೆತ್ತಿಕೊಳ್ಳಬೇಕು ಎಂಬುದು. ಆ ಆಯ್ಕೆಯ ವಿಚಾರವಾಗಿಯೇ ನಾಲ್ಕು ಮಾತು ಹೇಳಬೇಕೆಂದು ಈ ಪ್ರಬಂಧ.

2024ರ ಏಪ್ರಿಲ್ ತಿಂಗಳು. ನಮ್ಮ ಮಗಳ ಶಾಲೆಯ ಫೀಸಿನ ಚೀಟಿ ಬಂದಿತ್ತು. ಖಾಸಗಿ ಕಾಲೇಜಿನ ಸಂಬಳ ತಿಂಗಳ ಇಪ್ಪತ್ತನೆಯ ತಾರೀಖಿನವರೆಗೆ ಹೇಗೋ ನಡೆದು ಅಲ್ಲಿಂದ ಮುಂದೆ ಕುಂಟತೊಡಗುತ್ತದೆ. ಅದರ ಹೆಗಲ ಮೇಲೆ ಆ ಚೀಟಿಯನ್ನು ಹೊರಿಸುವುದು ಸಾಧ್ಯವಿರಲಿಲ್ಲ. ಆ ಹೊತ್ತಿಗೆ ಸರಿಯಾಗಿ ಬೆಂಗಳೂರಿನಿಂದ ನನ್ನ ಭಾಮೈದ ಬಂದ. ಜಾಹೀರಾತಿನ ಕಂಪನಿಯೊಂದರಲ್ಲಿ ಅವನಿಗೆ ಕೆಲಸ. ನನ್ನ ಪುಸ್ತಕದ ದಲ್ಲಾಳಿತನವನ್ನು ನೋಡಿ ಅವನು ಬಹಳ ಮರುಗಿದ.

“ಏನು ಭಾವ, ಇಷ್ಟು ಜನ ನಿಮ್ಮ ಮಾತು ಕೇಳ್ತಾರೆ. ನೀವು ನೋಡಿದರೆ ನಾನೂರು ರೂಪಾಯಿ ಪುಸ್ತಕ ಮಾರಿಸಿ ಇಪ್ಪತ್ನಾಲ್ಕು ರೂಪಾಯಿ ಎಣಿಸ್ತಾ ಕೂತಿದ್ದೀರಿ!” ಎಂದು ಹೇಳಿ, ಕಾಫಿ ಆರುವುದರೊಳಗಾಗಿ ನನ್ನ ಮುಂದೆ ಒಂದು ಪಟ್ಟಿಯನ್ನು ಇಟ್ಟ. ಅದರಲ್ಲಿ ಮಿಕ್ಸಿಯಿತ್ತು. ಷೇರುಪೇಟೆಯಲ್ಲಿ ಹಣ ಮಾಡುವುದನ್ನು ಕಲಿಸುವ ಪಾಠಮಾಲೆಯಿತ್ತು. ಹಣ ಕಟ್ಟಿ ಆಡುವ ರಮ್ಮಿಯಿತ್ತು. ಐದು ನಿಮಿಷದಲ್ಲಿ ಫೋನಿಗೇ ಸಾಲ ಕೊಡುವ ಆ್ಯಪಿತ್ತು. ಕೆಳಗಿಳಿದಂತೆಲ್ಲ ಕಮಿಷನ್ನು ಏರುತ್ತಿತ್ತು. ಪಟ್ಟಿಯ ಕೊನೆಯ ಸಾಲನ್ನು ಓದುವಾಗ ಫೀಸಿನ ಚೀಟಿ ನನ್ನ ಕಣ್ಣಿಗೆ ಬಹಳ ಚಿಕ್ಕದಾಗಿ ಕಂಡಿತೆಂದರೆ ವಾಚಕರು ನಂಬಬೇಕು.

ನನ್ನ ಮಡದಿ ಪತ್ತಿನ ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವವಳು. ಸಾಹಿತ್ಯದಲ್ಲಿ ನನಗೆಷ್ಟು ನಂಬಿಕೆಯೋ ಅವಳಿಗೆ ಲೆಕ್ಕದಲ್ಲಿ ಅಷ್ಟು. ಪಟ್ಟಿಯನ್ನು ನೋಡಿ ಅವಳು ಮಗಳ ಹಳೆಯ ನೋಟುಪುಸ್ತಕವೊಂದನ್ನು ತೆಗೆದುಕೊಂಡು ಕುಳಿತಳು.

“ರೀ, ಒಂದು ಮಾರಿದರೆ ಎಷ್ಟು ಅನ್ನೋದನ್ನು ಮಾತ್ರ ಇದರಲ್ಲಿ ಬರೆದಿದ್ದಾರೆ. ನೂರು ಜನ ನೋಡಿದರೆ ಎಷ್ಟು ಜನ ಕೊಳ್ತಾರೆ? ಕೊಂಡವರಲ್ಲಿ ಎಷ್ಟು ಜನ ವಾಪಸು ಕೊಡ್ತಾರೆ? ದುಡ್ಡು ಯಾವಾಗ ಕೈಗೆ ಬರುತ್ತೆ? ಈ ಮೂರು ಗೊತ್ತಿಲ್ಲದೆ ಲೆಕ್ಕ ಹೇಗೆ ಹಾಕೋದು?” ಎಂದಳು.

ಈ ಕಸುಬಿನಲ್ಲಿ ಪಳಗಿದವರೆಲ್ಲರೂ ಕಡೆಗೆ ಬಂದು ನಿಲ್ಲುವುದು ಇದೇ ಪ್ರಶ್ನೆಗಳ ಹತ್ತಿರ. ಲಿಂಕನ್ನು ಒತ್ತಿದ ಪ್ರತಿ ನೂರು ಮಂದಿಯಿಂದ ದಲ್ಲಾಳಿಗೆ ಉಳಿದದ್ದೆಷ್ಟು ಎಂಬುದೇ ನಿಜವಾದ ಅಳತೆಗೋಲು. ಶೇಕಡಾವಾರು ಕಮಿಷನ್ನು ಬರಿಯ ಬಣ್ಣ. ಅಂದು ನಾವು ಹಾಕಿದ ಲೆಕ್ಕವನ್ನು ಇಲ್ಲಿ ಇಡುತ್ತೇನೆ. ಅಂಕಿಗಳು ಅಂದಾಜಿನವು, ರೀತಿ ಮಾತ್ರ ಎಲ್ಲ ಸರಕಿಗೂ ಒಂದೇ.

ಪುಸ್ತಕದ ಬೆಲೆ 400 ರೂಪಾಯಿ, ಕಮಿಷನ್ನು ನೂರಕ್ಕೆ 6, ಅಂದರೆ 24 ರೂಪಾಯಿ. ನನ್ನ ಪಾಠ ಕೇಳುವವರು ಪುಸ್ತಕ ಬೇಕಾದವರೇ ಆದ್ದರಿಂದ ಲಿಂಕು ಒತ್ತಿದ ನೂರರಲ್ಲಿ 10 ಮಂದಿ ಕೊಳ್ಳುತ್ತಾರೆಂದು ಇಟ್ಟುಕೊಳ್ಳೋಣ. ಒಟ್ಟು 240 ರೂಪಾಯಿ. ಪುಸ್ತಕವನ್ನು ಹಿಂದಿರುಗಿಸುವವರು ಇಲ್ಲವೆನ್ನುವಷ್ಟು ಕಡಿಮೆ. ಮಿಕ್ಸಿಯ ಬೆಲೆ 4,000, ಕಮಿಷನ್ನು ನೂರಕ್ಕೆ 5, ಅಂದರೆ 200 ರೂಪಾಯಿ, ಪುಸ್ತಕದ ಎಂಟರಷ್ಟು! ಆದರೆ ಪಂಪನ ಪದ್ಯ ಕೇಳಲು ಬಂದವನು ಮಿಕ್ಸಿಯನ್ನು ಏಕೆ ಕೊಳ್ಳುತ್ತಾನೆ? ಐನೂರರಲ್ಲಿ ಒಬ್ಬ ಕೊಂಡರೆ ಹೆಚ್ಚು. ಅಂದರೆ ನೂರಕ್ಕೆ 40 ರೂಪಾಯಿ. ಅಡುಗೆ ಹೇಳಿಕೊಡುವ ತಾಯಿಯೊಬ್ಬರು ಅದೇ ಮಿಕ್ಸಿಯನ್ನು ತೋರಿಸಿದರೆ ಲೆಕ್ಕವೇ ಬೇರೆ. ಸರಕಿನ ಲಾಭ ಸರಕಿನಲ್ಲಿಲ್ಲ, ಅದನ್ನು ಯಾರು ಯಾರಿಗೆ ತೋರಿಸುತ್ತಾರೆ ಎಂಬುದರಲ್ಲಿದೆ.

ಇನ್ನು ಷೇರುಪೇಟೆಯ ಪಾಠಮಾಲೆ. ಬೆಲೆ 12,000, ಕಮಿಷನ್ನು ನೂರಕ್ಕೆ 30, ಅಂದರೆ 3,600 ರೂಪಾಯಿ. ಇಷ್ಟು ಹಣ ಕೊಟ್ಟು ಕೊಳ್ಳುವವನು ಸಾವಿರಕ್ಕೊಬ್ಬ ಎಂದರೆ ನೂರಕ್ಕೆ 360 ಆಯಿತು. ಅವರಲ್ಲಿ ಅರ್ಧದಷ್ಟು ಮಂದಿ ಹಣ ವಾಪಸು ಕೇಳಿದರೆ ನಮ್ಮ ಕಮಿಷನ್ನೂ ಅದರ ಜೊತೆಯಲ್ಲೇ ಹಿಂದಕ್ಕೆ ಹೋಗುತ್ತದೆ. ಉಳಿದದ್ದು 180. ಇಪ್ಪತ್ನಾಲ್ಕು ರೂಪಾಯಿಯ ಬಡ ಪುಸ್ತಕ ಮೂರು ಸಾವಿರದ ಆರುನೂರರ ಪಾಠಮಾಲೆಯನ್ನು ಹಿಂದೆ ಹಾಕಿತು! ನನಗಾದ ಆನಂದ ಅಷ್ಟಿಷ್ಟಲ್ಲ. ಸರಸ್ವತಿಯ ಪಕ್ಷದಲ್ಲಿ ಲಕ್ಷ್ಮಿಯೇ ತೀರ್ಪು ಕೊಟ್ಟಂತಾಯಿತು.

ಈ ಲೆಕ್ಕಕ್ಕೆ ಇನ್ನೂ ಕೆಲವು ಅಡಿಟಿಪ್ಪಣಿಗಳಿವೆ. ಮೊದಲನೆಯದು ಕುಕೀ. ಬಿಸ್ಕತ್ತಿನ ಹೆಸರಿನ ಈ ವಸ್ತು ತಿನ್ನುವುದಕ್ಕಲ್ಲ. ಲಿಂಕನ್ನು ಒತ್ತಿದವರ ಕಂಪ್ಯೂಟರಿನಲ್ಲೋ ಫೋನಿನಲ್ಲೋ ‘ಇವರನ್ನು ಕಳುಹಿಸಿದವರು ಇಂಥವರು’ ಎಂದು ಅಂಗಡಿಯವರು ಇಡುವ ಗುರುತಿನ ಚೀಟಿ ಅದು. ಆ ಚೀಟಿಗೆ ಆಯುಷ್ಯವುಂಟು. ಅಮೆಜಾನಿನಲ್ಲಿ 24 ಗಂಟೆ. ಬೇರೆ ಕೆಲವರಲ್ಲಿ 30 ದಿನ, ಇನ್ನು ಕೆಲವರಲ್ಲಿ ಅದಕ್ಕೂ ಹೆಚ್ಚು. ಪುಸ್ತಕ ಕೊಳ್ಳುವವನಿಗೆ ಒಂದು ದಿನ ಸಾಕು. ಆದರೆ ಮನೆಮಂದಿಯನ್ನೆಲ್ಲ ಕೇಳಿ, ಸಂಬಳ ಬರುವವರೆಗೆ ಕಾದು ಕೊಳ್ಳುವ ದೊಡ್ಡ ಸಾಮಾನಿಗೆ ಒಂದು ದಿನದ ಚೀಟಿ ಯಾವ ಮೂಲೆಗೆ? ಅದೂ ಅಲ್ಲದೆ ಬಹುತೇಕ ಯೋಜನೆಗಳಲ್ಲಿ ಕಟ್ಟಕಡೆಯಲ್ಲಿ ದಾರಿ ತೋರಿಸಿದವನಿಗೇ ಪೂರ್ತಿ ಕಮಿಷನ್ನು. ವಾರವೆಲ್ಲ ವರ್ಣಿಸಿದವನು ನಾನಾದರೂ ಕೊಳ್ಳುವ ಗಳಿಗೆಯಲ್ಲಿ ಇನ್ನೊಬ್ಬನ ಲಿಂಕನ್ನು ಒತ್ತಿದರೆ ಫಲ ಅವನದು. ನಿಷ್ಕಾಮಕರ್ಮದ ಅಭ್ಯಾಸಕ್ಕೆ ಇಷ್ಟು ಅನುಕೂಲವಾದ ಉದ್ಯೋಗ ಮತ್ತೊಂದಿಲ್ಲ.

ಎರಡನೆಯದು, ಒಮ್ಮೆ ಬಂದು ಹೋಗುವ ಕಮಿಷನ್ನಿಗೂ ವರ್ಷವರ್ಷವೂ ಬರುವ ಕಮಿಷನ್ನಿಗೂ ಇರುವ ಅಂತರ. 1956ರಲ್ಲಿ ಜೀವವಿಮಾ ನಿಗಮ ಸ್ಥಾಪನೆಯಾದ ಮೇಲೆ ನಮ್ಮ ಊರುಗಳ ಬೀದಿಬೀದಿಯಲ್ಲಿ ಅದರ ಏಜೆಂಟರನ್ನು ಕಂಡಿದ್ದೇವೆ. ಮೊದಲ ವರ್ಷದ ಕಂತಿನ ಮೇಲೆ ಅವರಿಗೆ ಹೆಚ್ಚು ಕಮಿಷನ್ನು. ಮುಂದಿನ ಕಂತುಗಳ ಮೇಲೆ ಕಡಿಮೆ, ಆದರೂ ಗಿರಾಕಿ ಕಂತು ಕಟ್ಟುತ್ತಿರುವವರೆಗೆ ಬರುವಂಥದು. ಆದ್ದರಿಂದ ಕಟ್ಟಲಾರದವನಿಗೆ ಪಾಲಿಸಿ ಮಾಡಿಸಿದರೆ ಏಜೆಂಟನಿಗೂ ನಷ್ಟವಿತ್ತು. ಮೇಲಾಗಿ ಮರುದಿನವೂ ಅದೇ ಬೀದಿಯಲ್ಲಿ ಸೈಕಲ್ಲು ತುಳಿಯಬೇಕಾಗಿತ್ತು. ಇಂದಿಗೂ ತಿಂಗಳ ಚಂದಾ ಇರುವ ಸೇವೆಗಳಲ್ಲಿ ಕೆಲವು ಹೀಗೆಯೇ ದಲ್ಲಾಳಿಗೆ ತಿಂಗಳು ತಿಂಗಳು ಕೊಡುತ್ತವೆ. ಕೊಂಡವನು ತೃಪ್ತನಾಗಿ ಉಳಿದರೆ ಮಾತ್ರ ನಮಗೂ ಉಳಿಯುವ ಈ ಬಗೆಯ ಕಮಿಷನ್ನು ನನ್ನ ಮಟ್ಟಿಗೆ ಎಲ್ಲಕ್ಕಿಂತ ಆರೋಗ್ಯಕರವಾದದ್ದು.

ಮೂರನೆಯದು, ಒಂದೇ ಅಂಗಡಿಯನ್ನು ನಂಬಿ ಕೂರಬಾರದು. 2020ರ ಏಪ್ರಿಲಿನಲ್ಲಿ ಅಮೆಜಾನ್ ಅಮೆರಿಕದ ತನ್ನ ಯೋಜನೆಯಲ್ಲಿ ಪೀಠೋಪಕರಣಗಳ ಕಮಿಷನ್ನನ್ನು ನೂರಕ್ಕೆ 8ರಿಂದ 3ಕ್ಕೆ, ದಿನಸಿಯದನ್ನು 5ರಿಂದ 1ಕ್ಕೆ ಇಳಿಸಿತು. ಅದನ್ನೇ ನೆಚ್ಚಿಕೊಂಡಿದ್ದವರ ಮನೆಯ ಆದಾಯ ಒಂದು ಪತ್ರದಿಂದ ಅರ್ಧಕ್ಕೂ ಕೆಳಗೆ ಇಳಿಯಿತು. ದಲ್ಲಾಳಿಗೆ ಸಂಘವಿಲ್ಲ, ಮುಷ್ಕರವಿಲ್ಲ, ಕೊಟ್ಟದ್ದು ಪ್ರಸಾದ.

ಇಷ್ಟೆಲ್ಲ ವಿಚಾರ ಮುಗಿದು, ನಾನು ಪುಸ್ತಕದ ವಿಜಯೋತ್ಸವದಲ್ಲಿದ್ದಾಗ ಭಾಮೈದ ನಗುತ್ತ ಹೇಳಿದ:

“ಅಕ್ಕನ ಲೆಕ್ಕ ಸರಿ ಭಾವ. ಆದರೆ ಸಾವಿರಕ್ಕೊಬ್ಬ ಅಂದಿರಲ್ಲ, ಅದು ದಾರೀಲಿ ಹೋಗೋ ಜನದ ಲೆಕ್ಕ. ನಿಮ್ಮ ಜನ ಹಾಗಲ್ಲ. ಅವರಿಗೆ ಕೆಲಸ ಸಿಕ್ಕಿಲ್ಲ, ಮನೇಲಿ ಮದುವೆ ಮಾತು, ಸಾಲ. ಮೇಷ್ಟ್ರು ಹೇಳಿದರು ಅಂದರೆ ನೂರಕ್ಕೊಬ್ಬ ತಗೋತಾನೆ.”

ಮಡದಿ ಮಾತಾಡದೆ ಮತ್ತೆ ಬರೆದಳು. ನೂರಕ್ಕೊಬ್ಬ ಎಂದರೆ 3,600. ಅರ್ಧ ವಾಪಸು ಹೋದರೂ 1,800. ಪುಸ್ತಕದ ಏಳೂವರೆಯಷ್ಟು. ಜೂನ್ ತಿಂಗಳ ಫೀಸು ಮಾತ್ರವಲ್ಲ, ಅದರ ಮುಂದಿನ ವರ್ಷದ್ದೂ ಆ ಸಾಲಿನಲ್ಲಿ ಕಾಣುತ್ತಿತ್ತು. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನನ್ನ ಶ್ರೋತೃಗಳ ಕಷ್ಟ ಹೆಚ್ಚಿದಷ್ಟೂ, ಅವರಿಗೆ ನನ್ನ ಮೇಲಿರುವ ನಂಬಿಕೆ ಹೆಚ್ಚಿದಷ್ಟೂ ಆ ಸರಕಿನ ಲಾಭ ಹೆಚ್ಚುವುದು ನಿಜ. ಪುಸ್ತಕವನ್ನು ಗೆಲ್ಲಿಸಿದ ಲೆಕ್ಕವೇ ಈಗ ಅದನ್ನು ಸೋಲಿಸಿತು. ಒಂದು ವಾರದ ಅವಕಾಶ ಕೇಳಿದೆ.

ಆ ವಾರದಲ್ಲಿಯೇ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಎಂ.ಎ. ಮುಗಿಸಿ ಎರಡು ವರ್ಷವಾಗಿತ್ತು. ಷಟ್ಪದಿಗಳನ್ನು ಅವನಷ್ಟು ಚೆನ್ನಾಗಿ ಓದುವ ಹುಡುಗರನ್ನು ನಾನು ಹೆಚ್ಚು ಕಂಡಿಲ್ಲ. ತುಸು ಹೊತ್ತು ಅದೂ ಇದೂ ಮಾತಾಡಿ ಕಡೆಗೆ ವಿಷಯಕ್ಕೆ ಬಂದ. ಇಂಥದೇ ಒಂದು ಪಾಠಮಾಲೆಯನ್ನು ಯಾರೋ ಹೊಗಳಿದ್ದನ್ನು ಕೇಳಿ, ತಾಯಿ ಚೀಟಿಯೆತ್ತಿದ ಹಣದಿಂದ ಕೊಂಡಿದ್ದನಂತೆ. ಕಲಿತದ್ದನ್ನು ಪ್ರಯೋಗಿಸಿ ನೋಡಲು ಮತ್ತಷ್ಟು ಹಣ ಹಾಕಿ ಅದನ್ನೂ ಕಳೆದುಕೊಂಡಿದ್ದ. ಶುಲ್ಕ ವಾಪಸು ಕೇಳಿದರೆ ಏಳು ದಿನದ ಗಡುವು ಮುಗಿಯಿತೆಂಬ ಉತ್ತರ ಬಂದಿತ್ತು. ನನ್ನಿಂದ ಅವನು ಹಣ ಕೇಳಲಿಲ್ಲ. ದೂರಿನ ಅರ್ಜಿಯೊಂದನ್ನು ಕನ್ನಡದಲ್ಲಿ ಬರೆದು ತಂದಿದ್ದ, ಅದನ್ನು ತಿದ್ದಿಕೊಡಬೇಕಾಗಿತ್ತು. ತಿದ್ದಿಕೊಟ್ಟೆ. ಹೊರಡುವಾಗ ಚಪ್ಪಲಿ ಮೆಟ್ಟುತ್ತ ಹೇಳಿದ:

“ಅವರು ಯಾರೋ ಏನೋ ಅಂತ ನಾನು ಹತ್ತು ದಿನ ಯೋಚನೆ ಮಾಡಿದೆ ಸರ್. ನೀವು ಹೇಳಿದ್ದಿದ್ದರೆ ಒಂದು ದಿನವೂ ಯೋಚಿಸ್ತಿರಲಿಲ್ಲ.”

ನನ್ನನ್ನು ಗೌರವಿಸುವುದಕ್ಕೆಂದು ಆಡಿದ ಮಾತು ಅದು. ಒಳಗೆ ಮೇಜಿನ ಮೇಲೆ ನೋಟುಪುಸ್ತಕದಲ್ಲಿ ‘ನೂರಕ್ಕೊಬ್ಬ’ ಎಂದು ಬರೆದದ್ದು ಹಾಗೆಯೇ ತೆರೆದಿತ್ತು. ಆ ಒಬ್ಬ ಹೇಗಿರುತ್ತಾನೆ, ಯಾವ ಪದ್ಯವನ್ನು ಚೆನ್ನಾಗಿ ಓದುತ್ತಾನೆ, ಅವನ ತಾಯಿ ಹಣವನ್ನು ಹೇಗೆ ಕೂಡಿಸಿರುತ್ತಾಳೆ ಎಂಬುದು ಲೆಕ್ಕದಲ್ಲಿ ಬರುವುದಿಲ್ಲ. ನಾನು ಆ ಸಂಜೆಯೇ ಭಾಮೈದನಿಗೆ ಫೋನು ಮಾಡಿ ಪಾಠಮಾಲೆ ಬೇಡವೆಂದೆ. ಅವನೇನೂ ಬೇಸರಪಡಲಿಲ್ಲ. ಫೀಸನ್ನು ಆ ವರ್ಷ ಮೂರು ಕಂತುಗಳಲ್ಲಿ, ಮಡದಿಯ ಸಂಘದಲ್ಲಿ ಸಾಲ ಮಾಡಿ ಕಟ್ಟಿದೆವು. ಸಾಲಕ್ಕೆ ಬಡ್ಡಿಯುಂಟು, ಧರ್ಮಕ್ಕೆ ರಿಯಾಯಿತಿ ಕೊಡುವ ಪದ್ಧತಿ ಸಂಘದಲ್ಲಿಲ್ಲ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ ಒಂದು ಅಧ್ಯಯನವನ್ನು ಪ್ರಕಟಿಸಿತು. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಎಂಬ ವಹಿವಾಟಿನಲ್ಲಿ ತೊಡಗಿದ ಜನಸಾಮಾನ್ಯರಲ್ಲಿ ನೂರಕ್ಕೆ 93 ಮಂದಿ ಹಣ ಕಳೆದುಕೊಂಡಿದ್ದರು. ರಮ್ಮಿಯ ಕತೆ ಇನ್ನೂ ಬೇಗ ಮುಗಿಯಿತು. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಕಾನೂನು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತಲ್ಲದೆ ಅವುಗಳ ಜಾಹೀರಾತನ್ನೂ ಅಪರಾಧವೆಂದು ಸಾರಿತು. ಜಾಹೀರಾತು ಮಾಡಿದವರಿಗೆ ಎರಡು ವರ್ಷದವರೆಗೆ ಸೆರೆವಾಸ, 50 ಲಕ್ಷದವರೆಗೆ ದಂಡ. ಪಟ್ಟಿಯಲ್ಲಿ ಅತಿ ಹೆಚ್ಚು ಕೊಡುತ್ತಿದ್ದ ಸಾಲುಗಳಲ್ಲಿ ಒಂದು ಹೀಗೆ ಅಳಿಸಿಹೋಯಿತು. ಯಾವ ಸರಕಿಗೆ ಮಾರುವವನು ವಿಪರೀತ ಕಮಿಷನ್ನು ಕೊಡುತ್ತಾನೋ ಅದನ್ನು ದಲ್ಲಾಳಿ ಎರಡು ಸಲ ಓದಬೇಕು. ತಾನಾಗಿಯೇ ಮಾರಾಟವಾಗುವ ವಸ್ತುವಿಗೆ ಯಾರೂ ದಾರಿ ತೋರಿಸುವವನ ಕೈ ತುಂಬಿಸುವುದಿಲ್ಲ.

ಟವೆಲಿನ ಮಾತನ್ನು ಆರಂಭದಲ್ಲಿ ಎತ್ತಿದ್ದೆ. ಕಾನೂನು ಈಗ ಅದನ್ನೂ ಎತ್ತಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, ವಸ್ತುವನ್ನು ಹೊಗಳುವವನಿಗೂ ಮಾರುವವನಿಗೂ ಹಣದ ಸಂಬಂಧವಿದ್ದರೆ ಅದನ್ನು ಸ್ಪಷ್ಟವಾಗಿ ತಿಳಿಸಬೇಕು. 2023ರ ಜನವರಿಯ ವಿವರಣೆಯ ಪ್ರಕಾರ, ಯಾವ ಭಾಷೆಯಲ್ಲಿ ಹೊಗಳುತ್ತಾನೋ ಅದೇ ಭಾಷೆಯಲ್ಲಿ ತಿಳಿಸಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ದಾರಿತಪ್ಪಿಸುವ ಜಾಹೀರಾತಿಗೆ ದನಿಗೂಡಿಸಿದವನ ಮೇಲೆ 10 ಲಕ್ಷದವರೆಗೆ ದಂಡ ವಿಧಿಸಬಹುದೆನ್ನುತ್ತದೆ. ಮತ್ತೆ ಮಾಡಿದರೆ 50 ಲಕ್ಷದವರೆಗೆ. ಹೊಗಳುವ ಮೊದಲು ಸತ್ಯಾಸತ್ಯವನ್ನು ತಕ್ಕಮಟ್ಟಿಗೆ ಪರೀಕ್ಷಿಸಿದವನಿಗೆ ಮಾತ್ರ ವಿನಾಯಿತಿ. ನನ್ನ ಪಾಠಗಳ ಕೆಳಗೆ ‘ಈ ಲಿಂಕಿನಿಂದ ನೀವು ಕೊಂಡರೆ ನನಗೆ ಕಮಿಷನ್ನು ಬರುತ್ತದೆ’ ಎಂದು ಅಚ್ಚಗನ್ನಡದಲ್ಲಿ ಬರೆದಿದ್ದೇನೆ. ಇದರಿಂದ ವ್ಯಾಪಾರ ಕೆಡುವುದೆಂದು ಭಾಮೈದ ಎಚ್ಚರಿಸಿದ್ದ. ಕೆಡಲಿಲ್ಲ. ‘ಮೇಷ್ಟ್ರಿಗೂ ಕಾಫಿಗೆ ಆಗಲಿ’ ಎಂದು ಟಿಪ್ಪಣಿ ಬರೆದು ಕೊಂಡವರೂ ಉಂಟು.

ಹಾಗಾದರೆ ಈಗ ನಾನು ಏನನ್ನು ತೋರಿಸುತ್ತೇನೆ? ನಿಘಂಟು, ಛಂದಸ್ಸಿನ ಪುಸ್ತಕ, ಹಳೆಯ ಪ್ರಶ್ನೆಪತ್ರಿಕೆಗಳ ಸಂಗ್ರಹ, ರಾತ್ರಿ ಓದುವವರಿಗೆ ಮೇಜಿನ ದೀಪ, ಪಾಠ ಕೇಳಲು ಅಗ್ಗದ ಹೆಡ್‌ಫೋನು. ಹೊಸದೊಂದನ್ನು ಸೇರಿಸುವ ಮುನ್ನ ಮಡದಿಯ ಪ್ರಶ್ನೆಗಳನ್ನು ಮೊದಲು ಕೇಳುತ್ತೇನೆ: ನೂರಕ್ಕೆ ಎಷ್ಟು ಉಳಿಯುತ್ತದೆ, ಎಷ್ಟು ಹಿಂದಿರುಗುತ್ತದೆ, ಯಾವಾಗ ಕೈಸೇರುತ್ತದೆ. ಇವುಗಳಲ್ಲಿ ತೇರ್ಗಡೆಯಾಗದ ಸರಕು ಎಷ್ಟೇ ಪವಿತ್ರವಾಗಿದ್ದರೂ ಬೇಡ. ದಲ್ಲಾಳಿ ದಾನಶಾಲೆಯನ್ನು ನಡೆಸುವುದಿಲ್ಲ. ಆಮೇಲೆ ನನ್ನದೊಂದು ಪ್ರಶ್ನೆ: ಇದನ್ನು ಕೊಂಡವನು ಆರು ತಿಂಗಳ ಮೇಲೆ ನನ್ನ ಮನೆಯ ಬಾಗಿಲಿಗೆ ಬಂದರೆ ಅವನನ್ನು ಕೂರಿಸಿ ಕಾಫಿ ಕೊಡಬಲ್ಲೆನೆ?

ತಿಂಗಳಿಗೆ ಬರುವ ಮೊತ್ತ ಸಾವಿರದಿಂದ ಎರಡು ಸಾವಿರದೊಳಗೆ ಓಲಾಡುತ್ತದೆ. ಪರೀಕ್ಷೆಯ ದಿನಗಳಲ್ಲಿ ಏರುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ಅದೂ ಸರಕು ಹಿಂದಿರುಗುವ ಗಡುವೆಲ್ಲ ಕಳೆದು ಸುಮಾರು ಎರಡು ತಿಂಗಳ ಮೇಲೆ ಬರುತ್ತದೆ. ನಾನೇ ನನ್ನ ಲಿಂಕಿನಿಂದ ಕೊಂಡರೆ ಕಮಿಷನ್ನಿಲ್ಲವೆಂಬ ನಿಯಮವಿರುವುದರಿಂದ ಮನೆಯ ಖರ್ಚಿನಲ್ಲಿ ಉಳಿತಾಯ ತೋರಿಸುವ ದಾರಿಯೂ ಮುಚ್ಚಿದೆ. ಮಡದಿ ಈ ಮೊತ್ತವನ್ನು ಬೇರೆಯಾಗಿ ಇಟ್ಟು ಸಂಘದ ಸಾಲಕ್ಕೆ ಜಮಾ ಮಾಡುತ್ತಿದ್ದಾಳೆ. ಕಳೆದ ತಿಂಗಳು ಪಾಸ್‌ಬುಕ್ಕನ್ನು ತೋರಿಸಿ, ಇನ್ನು ನಾಲ್ಕು ಕಂತು ಉಳಿದಿದೆ ಎಂದಳು.